ಒಡೇರ ಕಾರಿಗೆ ಕೆಂಪು ಬಾವುಟ

ನಾನು ರೋಡ್ ರೋಲರ್ ಓಡಿಸುವವನು. ಓಡಿಸುವುದು ಅನ್ನುವುದು ಮರ್ಯಾದೆಗೆ ಹೇಳುವ ಮಾತು ಅಷ್ಟೆ. ಗಬ್ಬದ ಎಮ್ಮೆ ಕೂಡ ನನ್ನ ರೋಲರನ್ನು ಹಿಂದೆ ಹಾಕಿ ಹೋಗುತ್ತದೆ. ಆದರೆ ಆ ಎತ್ತರದ ಸೀಟಿನಲ್ಲಿ ಕೂತವನಿಗೆ ಒಂದು ಅನುಕೂಲವಿದೆ. ರಸ್ತೆಯಲ್ಲಿ ಹೋಗುವ ಒಬ್ಬೊಬ್ಬನ ಯೋಗ್ಯತೆಯೂ ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ಕೂರುವ, ಊರವರಿಗೆಲ್ಲ ನ್ಯಾಯ ಹೇಳುವ ದೊಡ್ಡ ಮನುಷ್ಯನನ್ನು ಸರಿಯಾಗಿ ನೋಡಬೇಕಾದರೆ, ಜಲ್ಲಿ ಹೊರುವ ಹೆಂಗಸರಿಗಾಗಿ ಅವನು ಗಾಡಿ ನಿಲ್ಲಿಸಬೇಕಾಗಿ ಬಂದಾಗ ನೋಡಬೇಕು. ನಾನು ಬೇಕಾದಷ್ಟು ನೋಡಿದ್ದೇನೆ. ಅದಕ್ಕೇ ನನಗೆ ದೊಡ್ಡ ಮನುಷ್ಯರನ್ನು ಕಂಡರೆ ಅಷ್ಟಕ್ಕಷ್ಟೆ.

ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದು, ಶರಾವತಿಯ ನೀರು ಹಿಂದಕ್ಕೆ ಹತ್ತಿಕೊಂಡು ಬಂದು ಊರುಗಳನ್ನು ಮುಳುಗಿಸಿದ ಮೇಲಿನ ಮಾತು ಇದು. ಸಾಗರದಿಂದ ಹೊಸನಗರದ ಕಡೆಗೆ ಹೋಗುವ ಹಳೆಯ ರಸ್ತೆಯ ಒಂದು ತುಂಡು ನೀರಿನ ಅಡಿಗೆ ಹೋಗಿತ್ತು. ಅದರ ಬದಲಿಗೆ ಗುಡ್ಡದ ಪಕ್ಕೆ ಕಡಿದು ಹೊಸ ರಸ್ತೆ ಮಾಡುತ್ತಿದ್ದರು. ನಾನು ತೀರ್ಥಹಳ್ಳಿಯವನು. ಕಂಟ್ರಾಕ್ಟರ್ ತನ್ನ ರೋಲರನ್ನು ಅಲ್ಲಿಗೆ ಸಾಗಿಸುವಾಗ ಅದರ ಜೊತೆ ನನ್ನನ್ನೂ ಸಾಗಿಸಿದ. ಗ್ಯಾಂಗಿನಲ್ಲಿದ್ದವರೆಲ್ಲ ಮುಳುಗಡೆಯಾದ ಒಂದೇ ಊರಿನವರು. ಹಿಂದಿನ ಮಳೆಗಾಲದವರೆಗೂ ಗದ್ದೆ ನೆಟ್ಟಿ ಮಾಡುತ್ತಿದ್ದ ಕೈಗಳು ಈಗ ಕಲ್ಲು ಒಡೆಯುತ್ತಿದ್ದವು.

ಕೆಲಸ ನಡೆಯುತ್ತಿದ್ದ ಜಾಗದಲ್ಲಿ ಒಂದು ಕೆಟ್ಟ ತಿರುವಿತ್ತು. ಒಂದು ಬದಿಗೆ ಆಗತಾನೇ ಕಡಿದ ಧರೆ, ಗೋಡೆಯ ಹಾಗೆ ನೇರ. ಇನ್ನೊಂದು ಬದಿಗೆ ಇಳಿಜಾರು, ಅದರ ಕೆಳಗೆ ಹಿನ್ನೀರು. ನಡುವೆ ಒಂದು ಗಾಡಿ ಹೋಗುವಷ್ಟೇ ದಾರಿ. ಅದೇ ದಾರಿಯ ಮೇಲೆ ಹೆಂಗಸರು ಪುಟ್ಟಿಯಲ್ಲಿ ಜಲ್ಲಿ ತಂದು ಸುರಿಯಬೇಕು, ಗಂಡಸರು ಹರಡಬೇಕು, ನಾನು ಉರುಳಿಸಬೇಕು. ಹೇಳದೆ ಕೇಳದೆ ಗಾಡಿ ಬಂದರೆ ಒಂದೋ ಧರೆಗೆ ಅಂಟಿಕೊಳ್ಳಬೇಕು, ಇಲ್ಲವೇ ಕೆಳಗೆ ಹಾರಬೇಕು. ಹಾಗಾಗಿ ತಿರುವಿನ ಎರಡು ತುದಿಗೂ ಬಾವುಟದವರನ್ನು ನಿಲ್ಲಿಸಿದ್ದರು. ಹೊಸನಗರದ ಕಡೆಗೆ ಕನ್ನಪ್ಪ, ಸಾಗರದ ಕಡೆಗೆ ಕೆರಿಯಪ್ಪ. ಕೆಂಪು ಬಾವುಟ ಎತ್ತಿದರೆ ಗಾಡಿ ನಿಲ್ಲಬೇಕು. ಜನರನ್ನೂ ರೋಲರನ್ನೂ ಅಗಲದ ಜಾಗಕ್ಕೆ ಸರಿಸಿಕೊಂಡು ನಾನು ಸೀಟಿ ಊದಿದ ಮೇಲೆ ಅವರು ಹಸಿರು ತೋರಿಸುವುದು. ಇಷ್ಟೇ ಕಾನೂನು. ಇದನ್ನು ತಿಳಿದುಕೊಳ್ಳಲು ಯಾರೂ ಇಸ್ಕೂಲಿಗೆ ಹೋಗಬೇಕಾಗಿಲ್ಲ.

ಇಸ್ಕೂಲಿಗೆ ಹೋದವರಿಗೇ ತಿಳಿಯುತ್ತಿರಲಿಲ್ಲ. ಬಸ್ಸು ನಿಂತರೆ ಸಾಕು, ಕಿಟಕಿಗಳಿಂದ ಕುತ್ತಿಗೆಗಳು ಹೊರಗೆ ಬರುತ್ತಿದ್ದವು. ಕೋರ್ಟಿಗೆ ಹೋಗುವವರು, ಹೆಣ್ಣು ನೋಡಲು ಹೋಗುವವರು, ಯಾವ ಕೆಲಸವೂ ಇಲ್ಲದೆ ಸುಮ್ಮನೆ ಸಾಗರ ತಿರುಗಿ ಬರುವವರು. ಈ ಕೊನೆಯವರಿಗೇ ಅವಸರ ಜಾಸ್ತಿ. ಈ ಜನ ಬೇಕೆಂದೇ ಕೆಲಸ ಎಳೆಯುತ್ತಾರೆ ಎಂದು ಒಬ್ಬ ಹೇಳಿದರೆ, ಮೈಗಳ್ಳರು ಎಂದು ಇನ್ನೊಬ್ಬ ತಲೆದೂಗುತ್ತಿದ್ದ. ಹಾಗೆ ತಲೆದೂಗುವವನು ಆ ಬೆಳಿಗ್ಗೆಯಿಂದ ಮಾಡಿದ ಕೆಲಸವೆಂದರೆ ಕವಳ ಹಾಕಿ ಉಗಿದದ್ದು. ಜೋಗದ ಕಡೆಗೆ ಸಿಮೆಂಟು ಸಾಗಿಸುವ ಲಾರಿ ಡ್ರೈವರುಗಳು ಇನ್ನೊಂದು ತರಹ. ಅವರು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು, ಆದರೆ ನಿಲ್ಲುತ್ತಿದ್ದರು. ಬೈದುಕೊಂಡು ನಿಲ್ಲುವವನ ಮೇಲೆ ನನಗೆ ಸಿಟ್ಟಿಲ್ಲ. ನಗುನಗುತ್ತಾ ನಿಲ್ಲದೆ ಹೋಗುವವನೊಬ್ಬನಿದ್ದ.

ಅವನ ಹೆಸರು ಗಜಾನನಯ್ಯ. ಮುಳುಗಿದ ಊರಿನ ಅರ್ಧ ಗದ್ದೆ ಅವನದು. ಉಳುತ್ತಿದ್ದವರು ನಮ್ಮ ಗ್ಯಾಂಗಿನವರು, ಬೆಳೆ ಹೋಗುತ್ತಿದ್ದದ್ದು ಅವನ ಅಂಗಳಕ್ಕೆ. ಗದ್ದೆ ನೀರಿಗೆ ಹೋದಾಗ ಪರಿಹಾರ ಸಿಕ್ಕಿದ್ದು ಕಾಗದದಲ್ಲಿ ಹೆಸರಿದ್ದವನಿಗೆ, ಕೆಸರಿನಲ್ಲಿ ಕಾಲಿದ್ದವರಿಗಲ್ಲ. ಹಾಗಾಗಿ ಒಕ್ಕಲುಗಳ ತಲೆಗೆ ಪುಟ್ಟಿ ಬಂತು, ಒಡೆಯನ ಬಾಗಿಲಿಗೆ ಕಾರು ಬಂತು. ಶಿವಮೊಗ್ಗದಲ್ಲಿ ಯಾರೋ ಮಾರಿದ ಹಳೆಯ ಕಪ್ಪು ಕಾರು. ಅದನ್ನು ಓಡಿಸುವುದನ್ನು ಅವನು ತಾನೇ ಕಲಿತ. ಕಲಿತ ಎಂದರೆ ಹಾರನ್ ಒತ್ತುವುದನ್ನು ಚೆನ್ನಾಗಿ ಕಲಿತ. ಬ್ರೇಕಿನ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ, ಅಥವಾ ಹೇಳಿದ್ದರೂ ಅದು ಬೇರೆಯವರಿಗೆ ಎಂದುಕೊಂಡಿರಬೇಕು.

ಅವನ ಅಪ್ಪ ಎತ್ತಿನ ಗಾಡಿಯಲ್ಲಿ ಹೊರಟರೆ ಒಕ್ಕಲುಗಳು ದಾರಿಯಿಂದ ಇಳಿದು, ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ನಿಲ್ಲಬೇಕಿತ್ತಂತೆ. ಗಾಡಿ ಕಣ್ಣಿಗೆ ಮರೆಯಾಗುವವರೆಗೂ ದಾರಿಗೆ ಕಾಲಿಡುವಂತಿರಲಿಲ್ಲವಂತೆ. ಮಗನ ಕಾಲದಲ್ಲೂ ಅದು ಹಾಗೇ ನಡೆದುಕೊಂಡು ಬಂದಿತ್ತು. ಎತ್ತಿಗಾದರೂ ಬುದ್ಧಿ ಇರುತ್ತದೆ, ಎದುರಿಗೆ ಮನುಷ್ಯ ಕಂಡರೆ ನಿಲ್ಲುತ್ತದೆ. ಈ ಮಹಾಶಯ ಎತ್ತುಗಳನ್ನು ಮಾರಿದ, ಮರ್ಯಾದೆಯನ್ನು ಮಾತ್ರ ಕಾರಿಗೆ ಕಟ್ಟಿಕೊಂಡ.

ಆ ಕಾರು ಮೊದಲ ಸಲ ಬಂದ ದಿನ ನಾನು ತಿರುವಿನ ಹೊಸನಗರದ ತುದಿಯಲ್ಲಿ, ಅಗಲದ ಜಾಗದಲ್ಲಿ ರೋಲರ್ ನಿಲ್ಲಿಸಿ ನೀರು ಹಾಕುತ್ತಿದ್ದೆ. ಸಾಗರದ ಕಡೆಯಿಂದ ಹಾರನ್ ಕೇಳಿತು. ಕೆರಿಯಪ್ಪ ಇದ್ದಾನಲ್ಲ ಎಂದು ನಾನು ತಲೆ ಎತ್ತಿಯೂ ನೋಡಲಿಲ್ಲ. ಆಮೇಲೆ ಹೆಂಗಸರು ಕೂಗಿದ್ದು ಕೇಳಿ ನೋಡಿದರೆ ಕಾರು ತಿರುವಿನೊಳಗೇ ನುಗ್ಗಿ ಬರುತ್ತಿತ್ತು. ಕೆಲವರು ಪುಟ್ಟಿ ಬಿಸಾಡಿ ಧರೆಗೆ ಬೆನ್ನು ಹಚ್ಚಿದರು. ಕೆರಿಯಪ್ಪನ ಹೆಂಡತಿ ಗುತ್ಯಮ್ಮ ಇಳಿಜಾರಿನ ಬದಿಗಿದ್ದಳು, ಅವಳಿಗೆ ಈಚೆ ಬರಲು ಆಗಲಿಲ್ಲ. ಅಂಚಿನಿಂದ ಜಾರಿ ಒಂದು ಮತ್ತಿ ಮರದ ಬೇರು ಹಿಡಿದು ನೇತುಬಿದ್ದಳು. ಅವಳ ಪುಟ್ಟಿಯ ಮೇಲೆ ಚಕ್ರ ಹತ್ತಿ ಹೋಯಿತು. ಗಜಾನನಯ್ಯ ಕಿಟಕಿಯಿಂದ ಎಲ್ಲರ ಕಡೆಗೂ ಒಮ್ಮೆ ನೋಡಿ ನಕ್ಕು ತಲೆಯಾಡಿಸಿದ. ಜನ ದಾರಿ ಬಿಟ್ಟಿದ್ದು ಅವನಿಗೆ ಬಹಳ ಸಂತೋಷವಾಗಿತ್ತು.

ಗುತ್ಯಮ್ಮನನ್ನು ಮೇಲೆಳೆದು ಹಾಕಿ ನಾನು ಕೆರಿಯಪ್ಪನ ಹತ್ತಿರ ಓಡಿದೆ. ಅವನು ಚರಂಡಿಯಲ್ಲಿ ನಿಂತಿದ್ದ. ಮುಂಡಾಸು ಕೈಯಲ್ಲಿತ್ತು, ಕೆಂಪು ಬಾವುಟ ಕಂಕುಳಲ್ಲಿತ್ತು. ಕಾರು ಹೋಗಿ ಅಷ್ಟು ಹೊತ್ತಾಗಿದ್ದರೂ ತಲೆ ಇನ್ನೂ ತಗ್ಗೇ ಇತ್ತು.

"ಒಡೇರು ಬಂದ್ರು," ಎಂದ.

ಅವನಿಗೆ ಎರಡು ಬಿಗಿಯಬೇಕು ಅನ್ನಿಸಿತು. ಮೊದಲು ಬಾವುಟ ಎತ್ತಿಯೇ ಇದ್ದನಂತೆ. ಒಳಗೆ ಕೂತವರು ಯಾರೆಂದು ಕಂಡದ್ದೇ ತಡ, ಕೈ ಇಳಿಯಿತಂತೆ, ಕಾಲು ಚರಂಡಿಗೆ ಹೋಯಿತಂತೆ. ತನ್ನ ಕೈಕಾಲುಗಳ ವಿಷಯವನ್ನು ಪಕ್ಕದ ಮನೆಯವರ ಸುದ್ದಿಯ ಹಾಗೆ ಹೇಳುತ್ತಿದ್ದ. ನಿನ್ನ ಹೆಂಡತಿ ಬೇರು ಹಿಡಿದು ನೇತಾಡುತ್ತಿದ್ದಳು ಕಣಯ್ಯಾ ಎಂದಾಗ ಅವನು ಅಲ್ಲೇ ಕುಕ್ಕರಿಸಿದ. ಒಳ್ಳೆಯ ಮನುಷ್ಯನೇ. ಕಾಲಿನ ಮೇಲೆ ಕಲ್ಲು ಬಿದ್ದು ಕುಂಟುವಂತಾದ ಮೇಲೆ ಹೊರುವ ಕೆಲಸ ಬಿಡಿಸಿ ಅವನಿಗೆ ಬಾವುಟ ಕೊಟ್ಟಿದ್ದರು. ಲಾರಿಯವರ ಬೈಗುಳಕ್ಕೆಲ್ಲ ಅವನು ಜಗ್ಗುತ್ತಿರಲಿಲ್ಲ. ಆ ಒಬ್ಬನ ಮುಖ ಕಂಡರೆ ಮಾತ್ರ ಅವನೊಳಗಿನ ಮೂಳೆಯೆಲ್ಲ ಕರಗಿ ಹೋಗುತ್ತಿತ್ತು.

ಬೇರೆ ಯಾರನ್ನಾದರೂ ನಿಲ್ಲಿಸೋಣವೆಂದರೆ ಬೇರೆ ಯಾರು? ಗ್ಯಾಂಗಿಗೆ ಗ್ಯಾಂಗೇ ಅವನ ಒಕ್ಕಲು. ಕನ್ನಪ್ಪನನ್ನು ಕೇಳಿದರೆ, ಆ ದಿನ ಕಾರು ದಾಟುವಾಗ ತಾನೂ ಚರಂಡಿಗೆ ಇಳಿದಿದ್ದೆ ಎಂದ. ನಾನು ಕಂಟ್ರಾಕ್ಟರನ ಸೂಪರ್‌ವೈಸರ್ ಹತ್ತಿರ ಹೋಗಿ, ರಸ್ತೆಗೆ ಅಡ್ಡ ಒಂದು ಬಿದಿರು ಗಳವಾದರೂ ಕಟ್ಟಿಸಿ ಎಂದೆ. ದೊಡ್ಡವರ ಕಾರಿಗೆ ಗಳ ಅಡ್ಡ ಹಾಕುವುದು ಚೆನ್ನಾಗಿ ಕಾಣುವುದಿಲ್ಲ ಎಂದು ಅವನು ಹೇಳಿದ. ಗಜಾನನಯ್ಯನ ಮನೆಯ ತೊಡೆದೇವು ತಿಂದ ಬಾಯಿ ಅದು, ಅದರಿಂದ ಬೇರೆ ಮಾತು ಬರುವ ಹಾಗಿರಲಿಲ್ಲ. ಬೇಕಾದರೆ ಹೆಂಗಸರಿಗೆ ಸ್ವಲ್ಪ ಎಚ್ಚರದಿಂದ ಇರಲು ಹೇಳು ಎಂದು ಉಪದೇಶ ಮಾಡಿ ಕಳಿಸಿದ. ತಲೆಯ ಮೇಲೆ ಮಣ ಭಾರ ಹೊತ್ತವಳು ಬೆನ್ನಿಗೂ ಕಣ್ಣು ಇಟ್ಟುಕೊಳ್ಳಬೇಕು, ಕುಶನ್ ಸೀಟಿನಲ್ಲಿ ಕೂತವನು ಮುಂದಿನ ಕಣ್ಣನ್ನೂ ಬಿಡಬೇಕಾಗಿಲ್ಲ.

ಗಜಾನನಯ್ಯನನ್ನೇ ಕೇಳುವ ಯೋಗವೂ ಬಂತು. ಮುಂದಿನ ಸಲ ಬಂದಾಗ, ಪುಣ್ಯಕ್ಕೆ ಹೆಂಗಸರು ಊಟಕ್ಕೆ ಕೂತಿದ್ದರು. ಕಾರಿನ ಇಂಜಿನು ಕುದಿದು ಹೊಗೆ ಎದ್ದು ನನ್ನ ನೀರಿನ ಡ್ರಮ್ಮಿನ ಹತ್ತಿರವೇ ನಿಂತಿತು. ನೀರು ಹಾಕುತ್ತಾ ನಾನು ವಿಷಯ ತೆಗೆದೆ. ಕೆಂಪು ಬಾವುಟ ಕಂಡರೆ ನಿಲ್ಲಬೇಕು ಸ್ವಾಮಿ, ತಿರುವಿನ ಒಳಗೆ ಜನ ಇರುತ್ತಾರೆ ಎಂದೆ. ಅವನಿಗೆ ಸಿಟ್ಟು ಬರಲಿಲ್ಲ. ಚಿಕ್ಕ ಮಗುವಿಗೆ ವಿವರಿಸುವ ಹಾಗೆ ವಿವರಿಸಿದ.

"ಅಲ್ಲ ಮಾರಾಯ, ಅವ ನಮ್ಮನೆ ಒಕ್ಕಲು. ಅವ ಕೈ ಎತ್ತಿದ ಅಂತ ನಾನು ನಿಲ್ಲಬೇಕಾ? ಮತ್ತೆ ಅವನೇ ಬಾವುಟ ಇಳಿಸ್ತಾನಲ್ಲ. ಅವ ಬಿಟ್ಟ ದಾರೀಲಿ ನಾನು ಹೋಗ್ತೇನೆ."

ಹಿಂದಿನ ಸೀಟಿನಲ್ಲಿದ್ದ ಹೆಂಡತಿ, ಎಂತ ಹೇಳ್ತ ಅಂವ ಎಂದು ಕೇಳಿದಳು. ಎಂತೂ ಇಲ್ಲೆ, ರೋಲರಿನವಂಗೆ ಹೊಟ್ಟೆಕಿಚ್ಚು ಎಂದು ಇವನು ಹೇಳಿದ. ನಾನು ಹಾಕಿದ ನೀರಿಗೆ ಒಂದು ಥ್ಯಾಂಕ್ಸ್ ಕೂಡ ಹೇಳದೆ ಹೊರಟುಹೋದ. ಆ ಕುದಿಯುವ ಡಬ್ಬಿಯ ಮೇಲೆ ನನಗೆ ಹೊಟ್ಟೆಕಿಚ್ಚಂತೆ.

ಉಳಿದದ್ದು ಕೆರಿಯಪ್ಪನ ಕೈ ಒಂದೇ. ಆ ಕೈ ಇಳಿಯದ ಹಾಗೆ ಮಾಡಬೇಕಿತ್ತು, ಇಲ್ಲದಿದ್ದರೆ ಇವತ್ತಲ್ಲ ನಾಳೆ ಗುತ್ಯಮ್ಮನೋ ಇನ್ನೊಬ್ಬಳೋ ಚಕ್ರದ ಅಡಿಗೆ ಹೋಗುವುದು ಖಂಡಿತ. ಒಂದು ಸಂಜೆ ಕೆಲಸ ಬಿಟ್ಟ ಮೇಲೆ ನಾನೇ ಅವನಿಗೆ ಪಾಠ ಹೇಳಲು ಹೊರಟೆ. ಒಂದು ಬಾಂಡ್ಲಿಯನ್ನು ಸ್ಟೇರಿಂಗಿನ ಹಾಗೆ ಹಿಡಿದು, ಬಾಯಲ್ಲೇ ಹಾರನ್ ಮಾಡುತ್ತಾ ಅವನ ಮೇಲೆ ನುಗ್ಗಿದೆ. ಗ್ಯಾಂಗಿನವರೆಲ್ಲ ಬಿದ್ದು ಬಿದ್ದು ನಕ್ಕರು. ಕೆರಿಯಪ್ಪ ತಾನೂ ನಗುತ್ತಾ ಬಾವುಟವನ್ನು ಗಟ್ಟಿಯಾಗಿ ಹಿಡಿದು ನಿಂತ. ಮತ್ತೊಂದು ಸಲ ನುಗ್ಗಿದೆ, ಆಗಲೂ ಕದಲಲಿಲ್ಲ. ಪರವಾಗಿಲ್ಲ ಎಂದುಕೊಂಡು ಮೂರನೆಯ ಸಲ ಹತ್ತಿರ ಹೋದಾಗ, ಗಜಾನನಯ್ಯನ ದನಿ ತೆಗೆದು "ಏ ಕೆರಿಯಾ" ಎಂದು ಕರೆದೆ. ಬಾವುಟ ಕೆಳಗಿಳಿಯಿತು. ಎಡಗೈ ಮುಂಡಾಸಿಗೆ ಹೋಯಿತು.

ನಗುತ್ತಿದ್ದವರಲ್ಲಿ ಇಬ್ಬರು ಮೂವರು ಗಂಡಸರ ಕೈ ಕೂಡ ತಲೆಗೆ ಹೋಗಿದ್ದನ್ನು ನಾನು ನೋಡಿದೆ. ನನಗೆ ಅವರ ಮೇಲೆ ಹೇಸಿಗೆಯಾಯಿತು, ಅವರನ್ನು ಹಾಗೆ ಪಳಗಿಸಿದವನ ಮೇಲೆ ಅದಕ್ಕಿಂತ ಹೆಚ್ಚು ಹೇಸಿಗೆಯಾಯಿತು. ಕೆರಿಯಪ್ಪ ಅಳುವ ಹಾಗಾಗಿದ್ದ. ಬಿರುಸು ಬಾಯಿಯ ಗುತ್ಯಮ್ಮ ಆ ಹೊತ್ತು ಅವನನ್ನು ಬೈಯಲಿಲ್ಲ. ಬಾವುಟ ಎತ್ತಿ ಅವನ ಕೈಗೆ ಕೊಟ್ಟಳು.

"ಒಡೇರ ಮಕ ನೋಡ್ಬ್ಯಾಡ," ಎಂದಳು. "ನಾ ಆಚೆ ಇದೀನಿ ಅಂತ ನೆನೆಸ್ಕ."

ಅವನು ಆಗಲಿ ಎಂದು ತಲೆಯಾಡಿಸಿದ.

ಕಾರು ಮತ್ತೆ ಬಂದ ದಿನ ನಾನು ಸಾಗರದ ತುದಿಯಲ್ಲೇ, ಕೆರಿಯಪ್ಪನಿಂದ ಸ್ವಲ್ಪ ಮುಂದೆ ರಸ್ತೆ ಬದಿಗೆ ರೋಲರ್ ಇಟ್ಟುಕೊಂಡಿದ್ದೆ. ತಿರುವಿನ ಒಳಗೆ ಹೆಂಗಸರು ಸಾಲಾಗಿ ಜಲ್ಲಿ ಹೊರುತ್ತಿದ್ದರು. ಸಾಗರದ ಕಡೆಗೆ ರಸ್ತೆ ನೇರವಾಗಿರುವುದರಿಂದ ಕಾರು ದೂರದಿಂದಲೇ ಕಂಡಿತು. ಹಾರನ್ ಶುರುವಾಯಿತು. ರೋಲರನ್ನು ಅಡ್ಡ ತರೋಣವೆಂದು ನಾನು ಹತ್ತಿದೆ, ಆದರೆ ನನ್ನ ರೋಲರ್ ಕದಲುವಷ್ಟರಲ್ಲಿ ಒಂದು ಬೀಡಿ ಸೇದಿ ಮುಗಿಸಬಹುದು. ಕೆರಿಯಪ್ಪ ರಸ್ತೆಯ ನಡುವೆ ಹೋಗಿ ನಿಂತು ಬಾವುಟ ಎತ್ತಿದ. ಮುಂಡಾಸು ತಲೆಯ ಮೇಲೇ ಇತ್ತು. ಕೈ ಇಳಿಯಲಿಲ್ಲ. ಕಾರು ಇನ್ನೂ ಹತ್ತಿರ ಬಂತು. ಇಳಿಯಲಿಲ್ಲ. ಭೇಷ್ ಕಣೋ ಎಂದು ನಾನು ಮೇಲಿನಿಂದ ಕೂಗಿದೆ. ಆಮೇಲೆ ಅವನ ಮುಖ ನೋಡಿದೆ. ಅವನು ಕಣ್ಣು ಮುಚ್ಚಿಕೊಂಡಿದ್ದ.

ಒಡೇರ ಮುಖ ಕಾಣಬಾರದಲ್ಲ, ಅದಕ್ಕೆ. ಕಣ್ಣು ಬಿಟ್ಟರೆ ಕೈ ಇಳಿಯುತ್ತದೆಂದು ಅವನಿಗೆ ಗೊತ್ತಿತ್ತು. ಪಕ್ಕಕ್ಕೆ ಸರಿ, ಸರಿ ಎಂದು ನಾನು ಕಿರುಚಿದ್ದು ಹಾರನ್ನಿನ ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲ. ಗಜಾನನಯ್ಯ ಕೊನೆಯ ಗಳಿಗೆಯಲ್ಲಿ ಬ್ರೇಕು ಎಂಬುದೊಂದಿದೆ ಎಂದು ನೆನಪು ಮಾಡಿಕೊಂಡ. ಚಕ್ರಗಳು ಸಡಿಲ ಜಲ್ಲಿಯ ಮೇಲೆ ಜಾರಿದವು. ಕಾರು ಅಡ್ಡಡ್ಡ ಬಂದು ಕೆರಿಯಪ್ಪನನ್ನು ಎತ್ತಿ ಹಾಕಿ, ಜಲ್ಲಿಯ ರಾಶಿಗೆ ಮೂತಿ ತೂರಿಸಿ ನಿಂತಿತು. ತಿರುವಿನ ಒಳಗಿದ್ದ ಒಬ್ಬ ಹೆಂಗಸಿಗೂ ಒಂದು ಗೀರು ಆಗಲಿಲ್ಲ.

ಗಜಾನನಯ್ಯ ಇಳಿದು ಮೊದಲು ನೋಡಿದ್ದು ಹೆಡ್‌ಲೈಟನ್ನು. ಅದು ಒಡೆದಿತ್ತು. ಆಮೇಲೆ ಕೆರಿಯಪ್ಪನ ಕಡೆ ನೋಡಿದ. ಅವನ ಸೊಂಟದ ಕೆಳಗೆ ಒಂದು ಕಾಲು ಇರಬಾರದ ಕಡೆಗೆ ತಿರುಗಿತ್ತು. ಕಾರಿನಲ್ಲಿ ಹಾಕಿಕೊಂಡು ಸಾಗರಕ್ಕೆ ಹೋಗೋಣ ಎಂದು ನಾನು ಹೇಳಿದಾಗ ಗಜಾನನಯ್ಯ ಬಾಗಿಲಿನ ಮುಂದೆ ನಿಂತು, ಕಾರು ಸ್ಟಾರ್ಟ್ ಆಗುತ್ತದೋ ಇಲ್ಲವೋ ಎಂದ. ಸೀಟಿಗೆ ಹಾಸಿದ್ದ ಬಿಳಿಯ ಬಟ್ಟೆಯನ್ನು ಒಮ್ಮೆ ನೋಡಿಕೊಂಡ. ಅಷ್ಟರಲ್ಲಿ ಒಂದು ಸಿಮೆಂಟು ಲಾರಿ ಬಂತು. ಅದರ ಡ್ರೈವರು ನಮ್ಮೆಲ್ಲರ ವಂಶವನ್ನೂ ಒಂದೊಂದಾಗಿ ಬೈಯುತ್ತಲೇ, ಕೆರಿಯಪ್ಪನನ್ನು ಮೂಟೆಗಳ ಮೇಲೆ ಮಲಗಿಸಿಕೊಂಡು ಹೋದ. ಗುತ್ಯಮ್ಮ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಜೀವ ಉಳಿಯಿತು. ಕಾಲು ಇನ್ನು ಮುಂದೆ ಕೆಲಸಕ್ಕೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಎರಡು ದಿನ ಬಿಟ್ಟು ಪೊಲೀಸಿನವನು ಆಸ್ಪತ್ರೆಗೆ ಹೇಳಿಕೆ ತೆಗೆದುಕೊಳ್ಳಲು ಬಂದ. ಅವನ ಜೊತೆಗೇ ಗಜಾನನಯ್ಯನೂ ಬಂದ, ಸೂಪರ್‌ವೈಸರೂ ಬಂದ. ಗಜಾನನಯ್ಯ ಒಂದು ಚಿಪ್ಪು ಬಾಳೆಹಣ್ಣು ತಂದಿದ್ದ. ಅವನ ಮುಖದಲ್ಲಿ ಕೋಪವಿರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ. ನಂಬಿದವರಿಂದ ಮೋಸಹೋದವನ ಬೇಸರವಿತ್ತು.

"ಹುಟ್ಟಿದಾಗಿನಿಂದ ದಾರಿ ಬಿಟ್ಟವ ಇವ," ಎಂದು ಪೊಲೀಸಿನವನಿಗೆ ಹೇಳಿದ. "ಆ ದಿನ ಬಿಡೂದಿಲ್ಲ ಅಂತ ನನಗೆ ಹ್ಯಾಂಗೆ ಗೊತ್ತಾಗ್ಬೇಕು?"

ಪೊಲೀಸಿನವನಿಗೆ ಅದು ನ್ಯಾಯವಾದ ಮಾತೆಂದು ಕಂಡಿತು. ಸೂಪರ್‌ವೈಸರ್ ಹೌದು ಹೌದು ಎಂದ. ಪಕ್ಕದ ಮಂಚದ ರೋಗಿಯೊಬ್ಬ, ತನಗೆ ಯಾವ ಸಂಬಂಧವೂ ಇಲ್ಲದಿದ್ದರೂ, ಹೌದಪ್ಪ ಎಂದು ತಲೆ ಹಾಕಿದ. ನಾನು ಬಾವುಟದ ವಿಷಯ ಹೇಳಲು ಬಾಯಿ ತೆಗೆದೆ. ನಿನ್ನನ್ನು ಕೇಳಿದಾಗ ಹೇಳು ಎಂದರು, ಆಮೇಲೆ ಕೇಳಲೇ ಇಲ್ಲ. ಕೊನೆಗೆ ಕೆರಿಯಪ್ಪನನ್ನು ಕೇಳಿದರು. ಅವನು ದಿಂಬಿನಿಂದ ತಲೆ ಎತ್ತಲು ನೋಡಿದ, ಆಗಲಿಲ್ಲ.

"ಒಡೇರು ಹೇಳಿದ್ದು ಸರಿ," ಎಂದ. "ತಪ್ಪು ನಂದೇಯ."

ಹೆಂಡತಿಯನ್ನೂ ಆರೇಳು ಹೆಂಗಸರನ್ನೂ ಉಳಿಸಿದವನು, ಕಾಲು ಕಳೆದುಕೊಂಡವನು, ಮಲಗಿದಲ್ಲೇ ಕ್ಷಮೆ ಕೇಳುತ್ತಿದ್ದ. ಕೇಳಿಸಿಕೊಂಡ ಮೂರೂ ಜನ ಅದನ್ನು ತಮಗೆ ಸಲ್ಲಬೇಕಾದ ಬಾಕಿಯ ಹಾಗೆ ತೆಗೆದುಕೊಂಡರು. ಗುತ್ಯಮ್ಮ ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತಿದ್ದಳು.  ಗಜಾನನಯ್ಯ ಹಣ್ಣನ್ನು ಅವಳ ಕಡೆ ಚಾಚಿದ. ಅವಳು ಕೈ ನೀಡಲಿಲ್ಲ. ಅವನು ಅದನ್ನು ಕಿಟಕಿಯ ಮೇಲಿಟ್ಟು ಹೋದ.

ಮರುದಿನ ಬೆಳಿಗ್ಗೆ ಅವಳು ಕೆಲಸಕ್ಕೆ ಬಂದಳು. ಪುಟ್ಟಿ ಮುಟ್ಟಲಿಲ್ಲ. ನೆಟ್ಟಗೆ ಸಾಗರದ ತುದಿಗೆ ಹೋಗಿ, ಅಲ್ಲಿ ಒರಗಿಸಿಟ್ಟಿದ್ದ ಕೆಂಪು ಬಾವುಟ ತೆಗೆದುಕೊಂಡು ನಿಂತಳು. ಹೆಂಗಸಿನ ಕೈಗೆ ಬಾವುಟ ಕೊಡುವುದು ಪದ್ಧತಿಯಲ್ಲ ಎಂದು ಸೂಪರ್‌ವೈಸರ್ ಗೊಣಗಿದ. ಹಾಗಾದರೆ ನೀವೇ ಬಂದು ನಿಲ್ಲಿ, ಒಡೇರ ಕಾರು ಬರುವ ಹೊತ್ತಿಗೆ ನಾನು ಹೇಳಿಕಳಿಸುತ್ತೇನೆ ಎಂದು ನಾನು ಹೇಳಿದೆ. ಆಮೇಲೆ ಅವನು ಪದ್ಧತಿಯ ಮಾತು ಎತ್ತಲಿಲ್ಲ.

ಹೊಸ ಹೆಡ್‌ಲೈಟ್ ಹಾಕಿಸಿಕೊಂಡು ಕಾರು ಬಂದಿತು. ನಾನು ಆಗ ತಿರುವಿನ ಮುಂಭಾಗದಲ್ಲೇ ರೋಲರ್ ಹಿಂದೆ ಮುಂದೆ ಮಾಡುತ್ತಿದ್ದೆ. ಗುತ್ಯಮ್ಮ ರಸ್ತೆಯ ನಡುವೆ ಬಾವುಟ ಎತ್ತಿ ನಿಂತಳು. ಕಣ್ಣು ಪೂರ್ತಿ ತೆರೆದಿತ್ತು, ಕಾರಿನ ಗಾಜಿನ ಒಳಗೇ ನೋಡುತ್ತಿದ್ದಳು. ಹಾರನ್ ಒಂದೇ ಸಮ ಕೂಗಿತು, ಅವಳು ಕದಲಲಿಲ್ಲ. ಈ ಸಲ ಕಾರು ಬಹಳ ದೂರದಲ್ಲೇ ನಿಧಾನವಾಗಿ, ಅವಳಿಂದ ಹತ್ತು ಮಾರು ಆಚೆಗೇ ನಿಂತಿತು. ಗಜಾನನಯ್ಯನಿಗೆ ಜ್ಞಾನೋದಯವಾಯಿತೆಂದು ಯಾರೂ ತಿಳಿಯಬೇಡಿ. ಇವರು ಈಗ ದಾರಿ ಬಿಡುವುದಿಲ್ಲ, ಗುದ್ದಿದರೆ ಗಾಜು ಒಡೆಯುತ್ತದೆ ಎಂಬಷ್ಟು ಅವನಿಗೆ ತಿಳಿದಿತ್ತು. ಹೊಸ ಹೆಡ್‌ಲೈಟಿನ ಮೇಲಿನ ಪ್ರೀತಿಗೆ ಅವನು ನಿಂತ.

ಸ್ವಲ್ಪ ಹೊತ್ತಿಗೆ ಹೆಂಗಸರು ಆಚೆ ತುದಿಯ ಅಗಲದ ಜಾಗಕ್ಕೆ ಸರಿದರು, ನಾನೂ ರೋಲರನ್ನು ಬದಿಗೆ ತೆಗೆದೆ. ದಾರಿ ಆಗಿತ್ತು. ನಾನು ಸೀಟಿ ಊದಿದೆ. ಗುತ್ಯಮ್ಮ ಬಾವುಟ ಇಳಿಸಲಿಲ್ಲ. ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಊದಿದೆ. ಅವಳು ನನ್ನ ಕಡೆ ತಿರುಗಿ ನೋಡಿ, ಮತ್ತೆ ಕಾರಿನ ಕಡೆ ತಿರುಗಿದಳು. ಕೇಳಿಸಿತ್ತು. ನಾನು ಸೀಟಿಯನ್ನು ಜೇಬಿಗೆ ಹಾಕಿಕೊಂಡೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬಳು ಪುಟ್ಟಿ ತಲೆಗೇರಿಸಿಕೊಂಡು ರಸ್ತೆಗೆ ಇಳಿದಳು, ಅವಳ ಹಿಂದೆ ಉಳಿದವರೂ ಇಳಿದರು.

ಗಜಾನನಯ್ಯ ಕಾರಿನಿಂದ ಇಳಿದು ಬಂದ. ಬಿಳಿಯ ಪಂಚೆ, ಹೆಗಲಿಗೆ ಶಾಲು. ಅವಳ ಎದುರಿಗೆ ಬಂದು, ಅವಳು ಚರಂಡಿಗೆ ಇಳಿಯಲೆಂದು ಕಾದು ನಿಂತ.

"ಆಚೆ ಕೆಲ್ಸ ಮಾಡೋರು ಇದಾರೆ," ಎಂದಳು ಗುತ್ಯಮ್ಮ. "ಹೋಗಿ ಕೂತ್ಕಳಿ."

ಅವನು ನನ್ನ ಕಡೆ ನೋಡಿದ. ಚರಂಡಿಯ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಹೋಗಿ ಕೂತ.